ಬೆರಳಚ್ಚು ಎಂದರೆ ಬರೀ ಟೈಪಿಂಗ್ ಅಲ್ಲ

ಪತ್ರ: "ಸಂಪಾದಕರಿಗೆ ನಮಸ್ಕಾರ. ನಾನು ಬ್ಯಾಡಗಿಯವನು, ಸಣ್ಣ ಅಂಗಡಿ ಇದೆ. ಮಗಳು ಹಾವೇರಿಯಲ್ಲಿ ಬಿಎಸ್ಸಿ ಮುಗಿಸಿದ್ದಾಳೆ. ಧಾರವಾಡದಲ್ಲಿ ಕೋಚಿಂಗ್ ಸೇರಿ ಎಫ್‌ಡಿಎ, ಪಿಡಿಒ ಅಂಥ ಸರ್ಕಾರಿ ನೌಕರಿಯ ಪರೀಕ್ಷೆ ಬರೆ ಅಂದರೆ ಕೇಳುತ್ತಿಲ್ಲ. ಫೊರೆನ್ಸಿಕ್ (ಅಪರಾಧದ ಸಾಕ್ಷ್ಯ ಪರೀಕ್ಷಿಸುವ ವಿಧಿವಿಜ್ಞಾನ) ಓದಿ ಬೆರಳಚ್ಚು ತಜ್ಞೆ ಆಗ್ತೀನಿ ಅಂತಾಳೆ. ಬೀಗರಿಗೆ ಹೇಳಿದರೆ 'ಟೈಪಿಂಗ್ ಕೆಲಸಕ್ಕೆ ಎಂಎಸ್ಸಿ ಯಾಕ್ರೀ' ಅಂದರು. ಈಗ ಎಲ್ಲಾ ಮಶಿನ್ನೇ ಮಾಡುತ್ತದೆ. ಬೆರಳು ಇಟ್ಟರೆ ಸಾಕು, ಆಧಾರ್‌ನಿಂದ ಮನುಷ್ಯನ ಗುರುತು ಸಿಗುತ್ತದೆ. ನಾಳೆ ಈ ನೌಕರಿ ಉಳಿಯುತ್ತದೆಯೇ? ಇನ್ನೊಂದು ಮಾತು. ನನ್ನ ತಾಯಿಗೆ ನಾಲ್ಕು ತಿಂಗಳಿಂದ ರೇಷನ್ ಅಂಗಡಿಯಲ್ಲಿ ಬೆರಳು ಹತ್ತುತ್ತಿಲ್ಲ. ಅದರ ಬಗ್ಗೆಯೂ ಬರೆಯಿರಿ."
— ಬ್ಯಾಡಗಿಯ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ:

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೇ ಹಾಳೆಯಲ್ಲಿ ಎರಡು ಮಾತು ಬರೆದಿದ್ದೀರಿ. ಎಲ್ಲಾ ಮಶಿನ್ನೇ ಮಾಡುತ್ತದೆ ಅಂತ ಮೇಲೆ. ತಾಯಿಯ ಬೆರಳು ಮಶಿನ್ನಿಗೆ ಹತ್ತುತ್ತಿಲ್ಲ ಅಂತ ಕೆಳಗೆ. ಇವೆರಡರ ನಡುವೆ ಇರುವುದೇ ನಿಮ್ಮ ಮಗಳು ಮಾಡಬೇಕೆಂದಿರುವ ಕೆಲಸ.

ಮೊದಲು ಬೀಗರ ಮಾತು. ತಪ್ಪು ಅವರದಲ್ಲ. ಕನ್ನಡದಲ್ಲಿ ಬೆರಳಚ್ಚು ಅಂದರೆ ಟೈಪಿಂಗೂ ಹೌದು, ಬೆರಳಿನ ಗುರುತೂ ಹೌದು. ಬೆರಳಚ್ಚುಗಾರರು ಕಚೇರಿಯಲ್ಲಿ ಕೂತು ಟೈಪ್ ಮಾಡುವವರು. ಬೆರಳಚ್ಚು ತಜ್ಞರು ಕಳವಾದ ಮನೆಗೆ ಬರುವವರು. ಪೇಪರಿನಲ್ಲಿ ಓದುತ್ತೀರಲ್ಲ, 'ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು' ಅಂತ. ಆ ಸಾಲನ್ನು ನಾನೂ ಎಷ್ಟೋ ವರ್ಷ ಬರೆದಿದ್ದೇನೆ. ನಾಯಿ ಎತ್ತ ಓಡಿತು, ಎಲ್ಲಿ ನಿಂತಿತು ಅನ್ನುವುದು ಮುಂದಿನ ಸಾಲಿನಲ್ಲಿ ಬರುತ್ತಿತ್ತು. ತಜ್ಞರು ಏನು ಮಾಡಿದರು ಅಂತ ಬರೆಯಬೇಕೆಂದು ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಅನಿಸಿದ್ದು ನಮ್ಮ ಮನೆಯಲ್ಲೇ ಕಳವಾದಾಗ. ಇಪ್ಪತ್ತು ವರ್ಷದ ಮೇಲಾಯಿತು. ಆಗ ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆಗೆ ಇದ್ದೆವು. ಹಿಂದಿನ ಕಿಟಕಿಯ ಗಾಜು ತೆಗೆದು ಒಳಗೆ ಬಂದಿದ್ದರು. ಪೊಲೀಸರು ಬರುವಷ್ಟರಲ್ಲಿ ಓಣಿಯವರೆಲ್ಲ ಬಂದು ತಿಜೋರಿ ಬಾಗಿಲು ಮುಟ್ಟಿ, ಡಬ್ಬಿ ಎತ್ತಿ ನೋಡಿ, ಗಾಜನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ತಜ್ಞರು ಬಂದವರೇ ಬೈಯಲಿಲ್ಲ. ಗಾಜನ್ನು ಎರಡೂ ಅಂಚಿನಲ್ಲಿ ಹಿಡಿದು ಎತ್ತಿದರು, ಬಿಸಿ ರೊಟ್ಟಿ ಎತ್ತುವ ಹಾಗೆ. ಟಾರ್ಚನ್ನು ಓರೆಯಾಗಿ ಹಿಡಿದರು. ಏನೂ ಇಲ್ಲ ಅಂತ ನಾವು ಅಂದುಕೊಂಡಿದ್ದ ಗಾಜಿನ ಮೇಲೆ ಒಂದೊಂದೇ ಬೆರಳು ಎದ್ದು ಬಂತು. ಆಮೇಲೆ ಪುಡಿ. ಬ್ರಷ್ಷು ಗಾಜಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ಹಗುರ. ಪುಡಿ ಜಾಸ್ತಿ ಆದರೆ ಗೆರೆಗಳ ನಡುವಿನ ಸಂದಿ ಮುಚ್ಚಿ ಗುರುತು ಕೆಟ್ಟುಹೋಗುತ್ತದೆ, ಕಡಿಮೆ ಆದರೆ ಏಳುವುದಿಲ್ಲ. ಗೆರೆ ಹರಿದ ದಿಕ್ಕಿಗೇ ಬ್ರಷ್ಷನ್ನೂ ತಿರುಗಿಸುತ್ತಿದ್ದರು. ಕೊನೆಗೆ ಟೇಪ್ ಅಂಟಿಸಿ, ಎತ್ತಿ, ಕಾರ್ಡಿನ ಮೇಲೆ ಕೂಡಿಸಿದರು. 'ಈಗ ನಿಮ್ಮೆಲ್ಲರ ಬೆರಳು ಕೊಡ್ರಿ' ಅಂದರು. ನನ್ನ ಹೆಂಡತಿ ಗಾಬರಿಯಾದಳು. 'ಯಕ್ಕಾ, ನಿಮ್ಮ ಮ್ಯಾಲೆ ಸಂಶಯ ಅಲ್ಲ, ಮೊದ್ಲ ಮನಿಯವ್ರನ್ನ ಬ್ಯಾರೆ ತಗೀಬೇಕು. ಉಳಿದದ್ದು ನಮ್ಮ ಕೆಲಸ' ಅಂತ ಸಮಾಧಾನ ಮಾಡಿದರು. ಸಾಮಾನು ಸಿಗಲಿಲ್ಲ. ಆದರೆ ಆ ಎರಡು ತಾಸಿನ ಕೆಲಸ ನನ್ನ ಕಣ್ಣಲ್ಲಿ ಇವತ್ತಿಗೂ ಇದೆ. ಅಷ್ಟು ಗೌರವದಿಂದ ಕೈ ಆಡಿಸುವವರನ್ನು ಮಗ್ಗದ ಮುಂದೆ ಬಿಟ್ಟರೆ ಬೇರೆಲ್ಲೂ ನಾನು ಕಂಡಿಲ್ಲ.

ನಿಮ್ಮ ಆತಂಕ ಸುಳ್ಳು ಅಂತ ನಾನು ಹೇಳುವುದಿಲ್ಲ. ಹುದ್ದೆಗಳು ಕಡಿಮೆ, ಅರ್ಜಿ ಕರೆಯುವುದು ಅಪರೂಪ. ಮಶಿನ್ನೂ ಬಂದಿದೆ. 2022ರಲ್ಲಿ ನಫೀಸ್ ಅನ್ನುವ ರಾಷ್ಟ್ರಮಟ್ಟದ ವ್ಯವಸ್ಥೆ ಶುರುವಾಯಿತು. ಬಂಧಿತರ ಬೆರಳು ಮುದ್ರೆಗೆ ಅದು ಹತ್ತು ಅಂಕಿಯ ಸಂಖ್ಯೆ ಕೊಡುತ್ತದೆ. ಗದಗಿನ ಕಳವಿನಲ್ಲಿ ಸಿಕ್ಕ ಗುರುತನ್ನು ಬೇರೆ ರಾಜ್ಯದ ದಾಖಲೆಯ ಜೊತೆ ಹೋಲಿಸಬಹುದು. ಒಳ್ಳೆಯದೇ.

ಆದರೆ ಮಶಿನ್ ಏನು ಮಾಡುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಸ್ಥಳದಲ್ಲಿ ಸಿಕ್ಕ ಅರ್ಧಂಬರ್ಧ ಗುರುತು ಕೊಟ್ಟರೆ ಅದು 'ಇವನೇ' ಅನ್ನುವುದಿಲ್ಲ. ಹೋಲುವವರ ಒಂದು ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ಯಾರು, ಅಥವಾ ಯಾರೂ ಅಲ್ಲವೋ, ಅದನ್ನು ಮನುಷ್ಯರೇ ನೋಡಿ ಹೇಳಬೇಕು. ಆತುರಪಟ್ಟರೆ ಏನಾಗುತ್ತದೆ? 2004ರ ಮಾರ್ಚ್‌ನಲ್ಲಿ ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡಿದವು. ಬಾಂಬ್ ಸಿಡಿಸುವ ಡಿಟೋನೇಟರ್ ಇದ್ದ ಚೀಲದ ಮೇಲೆ ಒಂದು ಬೆರಳಿನ ಗುರುತು ಸಿಕ್ಕಿತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ ಒರೆಗಾನ್‌ನ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಹೆಸರಿತ್ತು. ಅಲ್ಲಿನ ತಜ್ಞರು ಒಬ್ಬರ ಹಿಂದೆ ಒಬ್ಬರು ಹೌದು ಅಂದರು. ಸ್ಪೇನ್‌ನ ತಜ್ಞರು ಮಾತ್ರ ಹೊಂದುವುದಿಲ್ಲ ಅಂತ ಪಟ್ಟು ಹಿಡಿದರು. ಕೊನೆಗೆ ಆ ಬೆರಳು ಅಲ್ಜೀರಿಯಾದ ಬೇರೊಬ್ಬನದ್ದು ಅಂತ ತೋರಿಸಿದರು. ಅಷ್ಟರಲ್ಲಿ ಮೇಫೀಲ್ಡ್ ಜೈಲು ಕಂಡಾಗಿತ್ತು. ಎಫ್‌ಬಿಐ ಕ್ಷಮೆ ಕೇಳಿತು. ಮಶಿನ್ ತಂದದ್ದನ್ನೂ, ಪಕ್ಕದವರು ಹೇಳಿದ್ದನ್ನೂ ಬದಿಗಿಟ್ಟು ಬರೀ ಗೆರೆ ನೋಡುವ ಕಣ್ಣು ಬೇಕು. ಅಂಥ ಕಣ್ಣಿನ ಮೇಲೆ ಒಬ್ಬ ಮನುಷ್ಯನ ಜೀವನ ನಿಂತಿರುತ್ತದೆ.

ಇನ್ನು ಈ ವಿದ್ಯೆ ಎಲ್ಲಿಂದ ಬಂತು ಕೇಳಿ. ಇದು ನಮ್ಮ ದೇಶದ್ದೇ ಕತೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈಯನ್ನು ಕರಾರು ಪತ್ರದ ಹಿಂದೆ ಒತ್ತಿಸಿಕೊಂಡ. ರಸ್ತೆಗೆ ಖಡಿ ಪೂರೈಸುವ ಕರಾರು ಅದು. 1897ರಲ್ಲಿ ಕೋಲ್ಕತ್ತದಲ್ಲಿ ಬೆರಳು ಮುದ್ರೆ ಬ್ಯೂರೋ ಶುರುವಾಯಿತು, ಜಗತ್ತಿನಲ್ಲೇ ಮೊದಲನೆಯದು ಅನ್ನುತ್ತಾರೆ. ಲಂಡನ್ನಿನ ಪೊಲೀಸ್ ಕೇಂದ್ರ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಶುರುವಾದದ್ದು 1901ರಲ್ಲಿ, ಅಂದರೆ ನಮ್ಮ ನಂತರ. ಆ ನಡುವೆ ಜಲ್ಪಾಯ್‌ಗುರಿಯಲ್ಲಿ ಚಹಾ ತೋಟದ ಮ್ಯಾನೇಜರ್ ಒಬ್ಬನ ಕೊಲೆಯಾಯಿತು. ಮನೆಯಲ್ಲಿದ್ದ ಪಂಚಾಂಗದ ಮೇಲೆ ರಕ್ತದ ಹೆಬ್ಬೆಟ್ಟಿತ್ತು. ಹಿಂದೆ ಕಳವಿನ ಕೇಸಿನಲ್ಲಿ ಒಳಗೆ ಹೋಗಿದ್ದ ಆಳಿನ ಹೆಬ್ಬೆಟ್ಟಿಗೆ ಅದು ಸರಿಹೊಂದಿತು. ಕೋರ್ಟು ಅವನಿಗೆ ಕಳವಿಗೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಬೆರಳು ಅಲ್ಲಿದ್ದದ್ದನ್ನು ಹೇಳುತ್ತದೆ, ಮಾಡಿದ್ದನ್ನು ಹೇಳುವುದಿಲ್ಲ. ಅಷ್ಟು ಹಿಂದೆಯೇ ಕೋರ್ಟಿಗೆ ಆ ವಿವೇಕ ಇತ್ತು.

ಬೆರಳುಗಳನ್ನು ವಿಂಗಡಿಸುವ ಪದ್ಧತಿಗೆ ಇವತ್ತಿಗೂ ಹೆನ್ರಿ ಪದ್ಧತಿ ಅಂತಲೇ ಹೆಸರು. ಎಡ್ವರ್ಡ್ ಹೆನ್ರಿ ಆಗ ಬಂಗಾಳದ ಪೊಲೀಸ್ ಮುಖ್ಯಸ್ಥ. ಆದರೆ ಲೆಕ್ಕ ಕಟ್ಟಿದವರು ಅವನ ಕೈಕೆಳಗಿನ ಇಬ್ಬರು ಸಬ್ ಇನ್ಸ್‌ಪೆಕ್ಟರ್‌ಗಳು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹಳ್ಳಿಯಲ್ಲಿ ಅಜ್ಜಿಯರು ಮಕ್ಕಳ ಬೆರಳು ಹಿಡಿದು ಎಷ್ಟು ಶಂಖ, ಎಷ್ಟು ಚಕ್ರ ಅಂತ ಎಣಿಸುತ್ತಾರಲ್ಲ, ಲೆಕ್ಕ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ಹತ್ತು ಬೆರಳನ್ನು ಐದು ಜೋಡಿ ಮಾಡಬೇಕು. ಚಕ್ರ ಇದ್ದರೆ ಮೊದಲ ಜೋಡಿಯ ಬೆರಳಿಗೆ 16, ಮುಂದಿನದಕ್ಕೆ 8, ಹಾಗೇ 4, 2, 1. ಚಕ್ರ ಇಲ್ಲದಿದ್ದರೆ ಸೊನ್ನೆ. ಪ್ರತಿ ಜೋಡಿಯ ಒಂದು ಬೆರಳನ್ನು ಒಂದು ಕಡೆ, ಇನ್ನೊಂದನ್ನು ಇನ್ನೊಂದು ಕಡೆ ಕೂಡಿಸಿದರೆ ಒಂದೊಂದು ಕಡೆಗೂ ಸೊನ್ನೆಯಿಂದ 31ರವರೆಗೆ 32 ಮೊತ್ತ ಬರಬಹುದು. ಹೀಗೆ ಎಲ್ಲ ಮನುಷ್ಯರೂ 32 ಗುಣಿಸು 32, ಅಂದರೆ 1024 ಖಾನೆಗಳಲ್ಲಿ ಹಂಚಿಹೋಗುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲಕ್ಷಾಂತರ ಕಾಗದದ ನಡುವೆ ಒಬ್ಬನ ಕಾಗದ ಹುಡುಕಲು ಇದೇ ದಾರಿಯಾಯಿತು. ಹಕ್ ಅವರಿಗೆ ಖಾನ್ ಬಹಾದ್ದೂರ್ ಅಂತಲೂ ಬೋಸ್ ಅವರಿಗೆ ರಾಯ್ ಬಹಾದ್ದೂರ್ ಅಂತಲೂ ಬಿರುದು ಬಂತು. ಹೆಸರು ಮಾತ್ರ ಸಾಹೇಬನದ್ದೇ ಉಳಿಯಿತು.

ಇದೇ ನನಗೆ ಸಂಕಟ. ಆಗ ಹಾಗಿತ್ತು, ಈಗಲೂ ಹಾಗೇ ಇದೆ. ಆರೋಪಿಯನ್ನು ಹಿಡಿದಾಗ ಫೋಟೊದಲ್ಲಿ ಯಾರು ನಿಲ್ಲುತ್ತಾರೆ ನೋಡಿ. ಬೆರಳು ಎತ್ತಿದವರು ಆ ಸಾಲಿನಲ್ಲಿ ಇರುವುದಿಲ್ಲ. ಅವರು ರಾಣೇಬೆನ್ನೂರಿನ ಕೋರ್ಟಿನಲ್ಲೋ ಶಿರಹಟ್ಟಿಯ ಕೋರ್ಟಿನಲ್ಲೋ ಸಾಕ್ಷಿ ಹೇಳಲು ಬೆಂಚಿನ ಮೇಲೆ ಕಾದು ಕೂತಿರುತ್ತಾರೆ. ಕೈಯಲ್ಲಿ ಕೆಲಸ ಇರುವವರಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಸಹಿ ಮಾಡುವವರಿಗೆ ಜಾಸ್ತಿ. ಸಹಿ ಬಾರದವರನ್ನು 'ಹೆಬ್ಬೆಟ್ಟು' ಅಂತ ಬೈಯುವ ಜನ ನಾವು. ಆ ಹೆಬ್ಬೆಟ್ಟನ್ನು ಓದಬಲ್ಲವರ ಬಗ್ಗೆ ಒಂದು ಮಾತು ಆಡುವುದಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಒಮ್ಮೆ ನಡೆದು ನೋಡಿ. ಸುತ್ತಲಿನ ಜಿಲ್ಲೆಗಳ ಹುಡುಗ ಹುಡುಗಿಯರು ಝೆರಾಕ್ಸ್ ನೋಟ್ಸ್ ಹಿಡಿದು ನಿಂತಿರುತ್ತಾರೆ. ಬುದ್ಧಿವಂತರು, ಕಷ್ಟಪಡುವವರು. ಐದು ವರ್ಷ, ಆರು ವರ್ಷ ಒಂದೇ ರೂಮಿನಲ್ಲಿ ಕಳೆದವರನ್ನು ನಾನು ಬಲ್ಲೆ. ಪರೀಕ್ಷೆ ಮುಂದೆ ಹೋಗುತ್ತದೆ, ಫಲಿತಾಂಶ ಕೋರ್ಟಿಗೆ ಹೋಗುತ್ತದೆ, ವಯಸ್ಸು ಮಾತ್ರ ನಿಲ್ಲುವುದಿಲ್ಲ. ಯಾವ ಕೆಲಸ ಇಷ್ಟ ಅಂತ ಕೇಳಿದರೆ 'ಯಾವ್ದಾದ್ರೂ ಆಗ್ಲಿ ಸರ್, ಗೌರ್ಮೆಂಟ್ ಇದ್ರ ಸಾಕು' ಅನ್ನುತ್ತಾರೆ. ಅಂಥ ಊರಿಗೆ ಮಗಳನ್ನು ಕಳಿಸಲು ಹೊರಟಿದ್ದೀರಿ. ನಿಮ್ಮ ಮಗಳಿಗೆ ಇಂಥದ್ದೇ ಕೆಲಸ ಬೇಕು ಅಂತ ಗೊತ್ತಿದೆ. ಅದಕ್ಕೇ ಬೈಯುತ್ತಿದ್ದೀರಿ. ಇದು ಸರಿಯಲ್ಲ ನೋಡಿ.

ಧಾರವಾಡಕ್ಕೆ ಕಳಿಸಿ, ಬೇಡ ಅನ್ನುವುದಿಲ್ಲ. ಬೇರೆ ಬಾಗಿಲಿಗೆ ಕಳಿಸಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಧಾರವಾಡದಲ್ಲೇ ಅಡಿಗಲ್ಲು ಬಿತ್ತು. ಕೆಲಸ ಎಲ್ಲಿ ಅಂತೀರಾ? ರಾಜ್ಯ ಪೊಲೀಸರ ಬೆರಳು ಮುದ್ರೆ ಬ್ಯೂರೋ ಮತ್ತು ಜಿಲ್ಲಾ ಘಟಕಗಳಿವೆ, ವಿಧಿವಿಜ್ಞಾನ ಪ್ರಯೋಗಾಲಯಗಳಿವೆ, ದೆಹಲಿಯಲ್ಲಿ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಕೆಳಗೆ ಕೇಂದ್ರ ಬೆರಳು ಮುದ್ರೆ ಬ್ಯೂರೋ ಇದೆ. ಬ್ಯೂರೋಗಳಲ್ಲಿ ಇರುವವರು ಎನ್‌ಸಿಆರ್‌ಬಿ ನಡೆಸುವ ಅಖಿಲ ಭಾರತ ತಜ್ಞರ ಪರೀಕ್ಷೆ ಪಾಸು ಮಾಡುತ್ತಾರೆ. ಆ ಪರೀಕ್ಷೆ ಸುಮ್ನೆ ಬರುವಂಥದ್ದಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಕಾನೂನು ಬರೆದಾಯಿತು. ಹೋಗುವವರು ಯಾರು? ಜನರನ್ನು ತುಂಬಿಕೊಳ್ಳಲೇಬೇಕು. ತುಂಬಿಕೊಳ್ಳಿ ಅಂತ ನಾವು ಒತ್ತಾಯ ಮಾಡಲೇಬೇಕು. ಮಶಿನ್ ಖರೀದಿಗೆ ಟೆಂಡರ್ ಬೇಗ ಆಗುತ್ತದೆ, ಮನುಷ್ಯರ ನೇಮಕಕ್ಕೆ ಫೈಲು ಏಳುವುದಿಲ್ಲ. ಇದು ಒಂದು ಇಲಾಖೆಯ ಮಾತಲ್ಲ.

ಈಗ ನಿಮ್ಮ ತಾಯಿ. ಪತ್ರದಲ್ಲಿ ಬರೆದಿಲ್ಲ, ಆದರೆ ಬ್ಯಾಡಗಿಯವರು ಅಂದಮೇಲೆ ಅವರೂ ಮೆಣಸಿನಕಾಯಿ ತೊಟ್ಟು ಮುರಿದವರೇ ಇರಬೇಕು. ಹೋದ ವರ್ಷ ಬೆಟಗೇರಿಯ ನ್ಯಾಯಬೆಲೆ ಅಂಗಡಿಯೊಂದರಲ್ಲಿ ಒಬ್ಬ ಅಜ್ಜಿಯನ್ನು ನೋಡಿದೆ. ಬೆರಳನ್ನು ಸೆರಗಿಗೆ ಒರೆಸುತ್ತಾಳೆ, ಇಡುತ್ತಾಳೆ. ಕೆಂಪು ಲೈಟು. ಬಾಯಿಯ ಉಗುಳು ಹಚ್ಚಿ ಇಡುತ್ತಾಳೆ. ಮತ್ತೆ ಕೆಂಪು. ಹಿಂದೆ ನಿಂತವರು 'ಆಮೇಲೆ ಬಾರಬೇ' ಅಂದರು. ಚೀಲ ಮಡಚಿಕೊಂಡು ಬದಿಗೆ ಸರಿದು ನಿಂತಳು, ತಾನೇ ಏನೋ ತಪ್ಪು ಮಾಡಿದವಳ ಹಾಗೆ. ಜೀವಮಾನವೆಲ್ಲ ದುಡಿದು ಸವೆದ ಬೆರಳು ಅದು. ಗೆರೆಯ ಬೇರು ಚರ್ಮದ ಒಳಪದರಿನಲ್ಲಿ ಇರುತ್ತದೆ. ತಾಯಿಯ ಹೊಟ್ಟೆಯಲ್ಲಿ ಮೂರು ನಾಲ್ಕು ತಿಂಗಳಿಗೇ ಮೂಡಿದ್ದು, ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮೇಲ್ಪದರು ಸವೆದರೆ, ಒಣಗಿದರೆ ಮಶಿನ್ನಿಗೆ ಕಾಣುವುದಿಲ್ಲ ಅಷ್ಟೇ. ಗೆರೆಯ ವಿಷಯ ಗೊತ್ತಿರುವ ಒಬ್ಬರನ್ನು ಕೇಳಿ ಮಶಿನ್ ಇಟ್ಟಿದ್ದರೆ, ಅಂಗಡಿಯವರಿಗೆ ಇಷ್ಟನ್ನು ಹೇಳಿಕೊಟ್ಟಿದ್ದರೆ, ಆ ಅಜ್ಜಿ ಹಾಗೆ ನಿಲ್ಲಬೇಕಿರಲಿಲ್ಲ.

ತಾಯಿಯವರ ಕೈಯನ್ನು ಬಿಸಿನೀರಿನಲ್ಲಿ ತೊಳೆಸಿ, ಚೂರು ಎಣ್ಣೆ ಸವರಿ, ಚೆನ್ನಾಗಿ ಒರೆಸಿ ಕರೆದುಕೊಂಡು ಹೋಗಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತೂ ಬೆರಳು ಇಡಿಸಿ ನೋಡಿ. ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ. ಅಲ್ಲಿ ಕಣ್ಣಿನ ಪಾಪೆಯೂ ದಾಖಲಾಗಿರುತ್ತದೆ, ಬೆರಳೊಂದೇ ಗುರುತಲ್ಲ. ಇಷ್ಟಾದರೂ ಧಾನ್ಯ ಕೊಡದಿದ್ದರೆ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಒಂದು ಪ್ರತಿ ನನಗೆ ಕಳಿಸಿ.

ಮತ್ತೆ ಮಗಳಿಗೆ ಹೇಳಿ, ಒಂದು ಸ್ಟಾಂಪ್ ಪ್ಯಾಡ್ ತಂದು ಅಜ್ಜಿಯ ಹತ್ತೂ ಬೆರಳನ್ನು ಬಿಳಿ ಹಾಳೆಯ ಮೇಲೆ ಒತ್ತಿಸಿಕೊಳ್ಳಲಿ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳನ್ನು ಹಗುರಾಗಿ ಹೊರಳಿಸಬೇಕು, ಜೋರಾಗಿ ಅದುಮಬಾರದು. ಭೂತಗನ್ನಡಿ ಇಟ್ಟು ನೋಡಿ, ಯಾವ ಬೆರಳಲ್ಲಿ ಗೆರೆ ಉಳಿದಿದೆ, ಯಾವುದರಲ್ಲಿ ಸವೆದಿದೆ ಅಂತ ಗುರುತು ಹಾಕಲಿ. ಗೆರೆ ಗಟ್ಟಿ ಇರುವ ಬೆರಳನ್ನೇ ಮುಂದಿನ ತಿಂಗಳು ಅಂಗಡಿಯಲ್ಲಿ ಮೊದಲು ಇಡಿಸಿ. ಏನಾಯಿತು ಅಂತ ಈ ಸಲ ನೀವಲ್ಲ, ಅವಳು ಬರೆಯಲಿ.

— ಸಂಪಾದಕ