ಖುಲಾಸೆಯ ಸುದ್ದಿ ಠಾಣೆಯ ಕಂಪ್ಯೂಟರಿಗೆ ಯಾಕೆ ತಲುಪಲಿಲ್ಲ?

ಹಾವೇರಿ ಜಿಲ್ಲೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. 2019ರಲ್ಲಿ ಊರ ಜಾತ್ರೆಯಲ್ಲಿ ಹೊಡೆದಾಟ ಆಯಿತು. ಬಿಡಿಸಲು ಹೋದ ಮಗನ ಹೆಸರೂ ಎಫ್‌ಐಆರ್‌ಗೆ ಸೇರಿತು. 2023ರಲ್ಲಿ ಕೋರ್ಟು ಖುಲಾಸೆ ಮಾಡಿತು. ಈಗ ಕೆಲಸ ಕೊಡುವವರು ಪೊಲೀಸ್ ವೆರಿಫಿಕೇಶನ್ ಕೇಳಿದ್ದಾರೆ. ವರದಿಯಲ್ಲಿ ‘ಪ್ರಕರಣ ವಿಚಾರಣೆಯಲ್ಲಿದೆ’ ಎಂದೇ ಬಂದಿದೆ. “ಕೋರ್ಟು ಬಿಟ್ಟರೂ ಕಂಪ್ಯೂಟರ್ ಬಿಡುತ್ತಿಲ್ಲ. ಇದನ್ನು ಯಾರು ಸರಿಮಾಡಬೇಕು? ಬೆರಳಚ್ಚು ಬೇರೆ ತೆಗೆದುಕೊಂಡಿದ್ದರು, ಅದೂ ಹಾಗೇ ಇರುತ್ತಾ?” ಎಂದು ಕೇಳಿದ್ದಾರೆ.

ಅಮ್ಮಾ, ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಸರಿಮಾಡಬೇಕಾದವರು ಪೊಲೀಸರು. ನಿಮ್ಮ ಮಗ ಅಲ್ಲ. ಆದರೆ ನೀವು ಕೇಳದೆ ಅದು ಆಗಲಿಕ್ಕಿಲ್ಲ ಎಂಬುದೂ ನಿಜ. ಯಾಕೆ ಅಂತ ಹೇಳುತ್ತೇನೆ.

ಒಂದು ಕೇಸಿನ ಹುಟ್ಟಿನಿಂದ ಕೊನೆಯವರೆಗೆ ಪೊಲೀಸರ ಬಳಿ ಏಳು ನಮೂನೆಗಳಿವೆ. ಮೊದಲನೆಯದು ಎಫ್‌ಐಆರ್. ಆಮೇಲೆ ಅಪರಾಧದ ವಿವರ, ದಸ್ತಗಿರಿ, ಜಪ್ತಿ. ಐದನೆಯದು ಚಾರ್ಜ್‌ಶೀಟ್ ಅಥವಾ ಕೇಸು ಮುಂದುವರಿಸುವುದಿಲ್ಲ ಎಂಬ ಬಿ ರಿಪೋರ್ಟ್. ಆರನೆಯದು ಕೋರ್ಟಿನಲ್ಲಿ ಏನಾಯಿತು ಎಂಬುದು. ಏಳನೆಯದು ಅಪೀಲಿನ ಫಲಿತಾಂಶ. ನಿಮ್ಮ ಮಗನ ವಿಷಯದಲ್ಲಿ ಮೊದಲ ಐದು ಕಂಪ್ಯೂಟರಿಗೆ ಹೋಗಿವೆ, ಆರನೆಯದು ಹೋಗಿಲ್ಲ. ಪತ್ರ ಓದಿದರೆ ಹಾಗೇ ಕಾಣುತ್ತದೆ.

ಮೊದಲ ಐದನ್ನು ಬರೆಯುವಾಗ ಠಾಣೆಯ ಮೇಲೆ ಒತ್ತಡ ಇರುತ್ತದೆ. ದೂರುದಾರರು ಕೇಳುತ್ತಾರೆ, ಮ್ಯಾಜಿಸ್ಟ್ರೇಟರು ಕೇಳುತ್ತಾರೆ, ಮೇಲಧಿಕಾರಿ ಕೇಳುತ್ತಾರೆ. ಎಫ್‌ಐಆರ್ ಅನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಆರನೆಯ ನಮೂನೆ ಬರುವ ಹೊತ್ತಿಗೆ ನಾಲ್ಕೈದು ವರ್ಷ ಕಳೆದಿರುತ್ತದೆ. ತನಿಖೆ ಮಾಡಿದ ಎಸ್‌ಐ ವರ್ಗವಾಗಿರುತ್ತಾರೆ. ಕೋರ್ಟ್ ಡ್ಯೂಟಿಯ ಕಾನ್ಸ್‌ಟೇಬಲ್ ತೀರ್ಪನ್ನು ಗುರುತು ಮಾಡಿಕೊಂಡು ಬಂದು ಠಾಣೆಯ ದಾಖಲೆ ಬರೆಯುವ ರೈಟರ್‌ಗೆ ಹೇಳಬೇಕು. ರೈಟರ್ ಹಳೆಯ ಕ್ರೈಂ ನಂಬರ್, ಅಂದರೆ ಎಫ್‌ಐಆರ್ ನಂಬರ್ ಹುಡುಕಿ ತುಂಬಬೇಕು. ಅವತ್ತೇ ಊರಲ್ಲಿ ಬಂದೋಬಸ್ತ್ ಇದ್ದರೆ ಅದು ನಾಳೆಗೆ ಹೋಯಿತು ಅಂತಲೇ ಲೆಕ್ಕ.

ಕರ್ನಾಟಕ ಪೊಲೀಸರಿಗೆ ‘ಪೊಲೀಸ್ ಐಟಿ’ ಎಂಬ ಸ್ವಂತ ತಂತ್ರಾಂಶ ಇದೆ. ದೇಶದ ಪೊಲೀಸ್ ಠಾಣೆಗಳನ್ನು ಬೆಸೆಯುವ ಕೇಂದ್ರದ ಸಿಸಿಟಿಎನ್‌ಎಸ್ ಜಾಲಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಇಲ್ಲಿನ ಮಾಹಿತಿ ಆ ಜಾಲಕ್ಕೂ ಹೋಗುತ್ತದೆ. ರಾಜ್ಯದ ಅಪರಾಧ ದಾಖಲೆಗಳನ್ನು ಒಟ್ಟುಗೂಡಿಸುವ ಕೆಲಸ ಎಸ್‌ಸಿಆರ್‌ಬಿ, ಅಂದರೆ ರಾಜ್ಯ ಅಪರಾಧ ದಾಖಲೆಗಳ ಬ್ಯೂರೋದ್ದು. ಪೊಲೀಸ್, ಕೋರ್ಟು, ಜೈಲು, ವಿಧಿವಿಜ್ಞಾನ ಪ್ರಯೋಗಾಲಯ, ಸರ್ಕಾರಿ ವಕೀಲರ ಕಚೇರಿ, ಈ ಐದನ್ನೂ ಬೆಸೆಯುವ ಐಸಿಜೆಎಸ್ ಎಂಬ ವ್ಯವಸ್ಥೆಯೂ ಬಂದಿದೆ. ಕೋರ್ಟು ದಾಖಲಿಸಿದ್ದನ್ನು ಠಾಣೆ ಮತ್ತೆ ಟೈಪ್ ಮಾಡುವ ಅಗತ್ಯವೇ ಬೀಳಬಾರದು ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶ. ಆದರೆ ಎರಡೂ ಕಡೆ ಠಾಣೆ, ಕ್ರೈಂ ನಂಬರ್, ವರ್ಷ ತಾಳೆಯಾಗಬೇಕು. ಕೋರ್ಟಿನಲ್ಲಿ ಕೇಸಿಗೆ ಸಿ.ಸಿ. ನಂಬರ್ ಬೇರೆ ಇರುತ್ತದೆ. ನೋಂದಾಯಿಸುವಾಗ ಕ್ರೈಂ ನಂಬರಿನ ಒಂದು ಅಂಕಿ ತಪ್ಪಿದರೂ ಸಾಕು, ತೀರ್ಪು ಒಂದು ಕಡೆ, ಎಫ್‌ಐಆರ್ ಇನ್ನೊಂದು ಕಡೆ ಉಳಿಯುತ್ತದೆ.

ಈಗ ಮಾಡಬೇಕಾದ್ದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಗನ ಕೇಸನ್ನು ಹುಡುಕಿ. ಪ್ರತಿ ಕೇಸಿಗೂ ಬೇರೆಯಾಗಿ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಸಿಗುತ್ತದೆ, ಬರೆದುಕೊಳ್ಳಿ. ಅಲ್ಲಿ ನಮೂದಾದ ಎಫ್‌ಐಆರ್ ನಂಬರ್ ನಿಮ್ಮ ಬಳಿ ಇರುವ ಪ್ರತಿಯದೇನಾ ನೋಡಿ. ಕೋರ್ಟಿನ ನಕಲು ವಿಭಾಗದಿಂದ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ. ಅದನ್ನು ಲಗತ್ತಿಸಿ, ದಾಖಲೆ ತಿದ್ದಿ ಎಂದು ಠಾಣಾಧಿಕಾರಿಗೆ ಅರ್ಜಿ ಕೊಡಿ. ಒಂದು ಪ್ರತಿ ಎಸ್‌ಪಿ ಕಚೇರಿಗೂ ಹೋಗಲಿ. ಬರೀ ಬಾಯಿಮಾತಿಗೆ ಒಪ್ಪಿ ವಾಪಸ್ ಬರಬೇಡಿ, ಹಿಂಬರಹ, ಅಂದರೆ ಲಿಖಿತ ಉತ್ತರ ಕೇಳಿ ಪಡೆಯಿರಿ. ಉತ್ತರ ಬರದಿದ್ದರೆ ಕೋರ್ಟಿನ ಫಲಿತಾಂಶವನ್ನು ಯಾವ ದಿನಾಂಕದಂದು ದಾಖಲಿಸಿದ್ದೀರಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಹೇಳಲೇಬೇಕು. ದಾಖಲೆ ತಿದ್ದಿದ ಮೇಲೆ ವೆರಿಫಿಕೇಶನ್‌ಗೆ ಮತ್ತೆ ಅರ್ಜಿ ಹಾಕಿ.

ಬೆರಳಚ್ಚಿನ ಪ್ರಶ್ನೆ ಇದಕ್ಕಿಂತ ದೊಡ್ಡದು. ಖುಲಾಸೆಯಾದವರ ಬೆರಳಚ್ಚನ್ನು ನಾಶ ಮಾಡಬೇಕು ಎಂದು ಬ್ರಿಟಿಷರ ಕಾಲದ 1920ರ ಕಾಯಿದೆಯಲ್ಲೇ ಇತ್ತು. ಅದರ ಜಾಗಕ್ಕೆ ಬಂದ 2022ರ ಕಾಯಿದೆಯಲ್ಲೂ ಇದೆ. ಹಿಂದೆ ಶಿಕ್ಷೆಯಾಗಿರಬಾರದು, ಉಳಿಸಿಕೊಳ್ಳಿ ಎಂದು ಕೋರ್ಟು ಕಾರಣ ಬರೆದು ಹೇಳಿರಬಾರದು, ಹೊಸ ಕಾಯಿದೆಯ ಪ್ರಕಾರ ಅಪೀಲಿನಂಥ ಕಾನೂನಿನ ದಾರಿಗಳೆಲ್ಲ ಮುಗಿದಿರಬೇಕು, ಅಷ್ಟೆ. ಹೊಸ ಕಾಯಿದೆಯಡಿ ಇಂಥ ಮಾಹಿತಿಯನ್ನು 75 ವರ್ಷ ಇಟ್ಟುಕೊಳ್ಳುವ ಅಧಿಕಾರ ದೆಹಲಿಯ ಎನ್‌ಸಿಆರ್‌ಬಿಗೆ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ ಇದೆ. ತೆಗೆಸಬೇಕಾದರೆ ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ಅರ್ಜಿ ಕೊಡಬೇಕು. ಅಂದರೆ ಕಾನೂನು ಕೊಟ್ಟ ಹಕ್ಕನ್ನು ನಾವೇ ಹೋಗಿ ಕೇಳಬೇಕು. ಇದು ಸರಿಯಲ್ಲ. ಬೆರಳಚ್ಚು ತೆಗೆದುಕೊಳ್ಳುವಾಗ ಯಾರ ಅರ್ಜಿಗೂ ಕಾಯಲಿಲ್ಲವಲ್ಲ, ಅಳಿಸುವಾಗ ಮಾತ್ರ ಯಾಕೆ?

ಎಫ್‌ಐಆರ್ ಅನ್ನೇ ಅಳಿಸಿಬಿಡಲಿ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಅದನ್ನು ನಾನು ಒಪ್ಪುವುದಿಲ್ಲ. ಸುಳ್ಳು ಕೇಸು ಹಾಕಿದ್ದರು ಎಂದು ಮುಂದೆ ತೋರಿಸಬೇಕಾದಾಗಲೂ ಆ ದಾಖಲೆಯೇ ಬೇಕು. ಅದು ಇರಲಿ, ಪಕ್ಕದಲ್ಲೇ ಖುಲಾಸೆಯೂ ಇರಲಿ. ಎಫ್‌ಐಆರ್‌ಗೆ ಇರುವಂಥ ಬಿಗಿ ಗಡುವು ಖುಲಾಸೆಗೂ ಬೇಕು. ರೌಡಿ ಶೀಟ್‌ನಂಥ ಹಿಸ್ಟರಿ ಶೀಟ್‌ಗಳನ್ನು ಹಿರಿಯ ಅಧಿಕಾರಿಯೊಬ್ಬರು ಆಗಾಗ ತಪಾಸಣೆ ಮಾಡಬೇಕು ಎಂದು 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತು. ರೌಡಿ ಶೀಟ್ ಇಲ್ಲದ ಸಾಮಾನ್ಯರ ದಾಖಲೆಗೂ ಅಂಥದೇ ತಪಾಸಣೆ ನಡೆಯಲಿ. ಎಷ್ಟು ತೀರ್ಪು ಬಂದವು, ಎಷ್ಟು ಕಂಪ್ಯೂಟರಿಗೆ ಏರಿದವು ಎಂದು ಎಸ್‌ಸಿಆರ್‌ಬಿ ಠಾಣೆವಾರು ಪ್ರಕಟಿಸಲಿ. ಆಗ ಮೇಲಧಿಕಾರಿಗಳು ಆರನೆಯ ನಮೂನೆಯನ್ನೂ ಕೇಳುತ್ತಾರೆ.

ಇನ್ನೊಂದು ಮಾತು, ಮಗನಿಗೆ ಇವತ್ತೇ ಹೇಳಿ. ಕೆಲಸದ ಫಾರಂನಲ್ಲಿ ‘ನಿಮ್ಮ ಮೇಲೆ ಕೇಸು ಇತ್ತಾ’ ಎಂದು ಕೇಳಿದ್ದರೆ ಹೆದರಿ ‘ಇಲ್ಲ’ ಎಂದು ಬರೆಯುವುದು ಬೇಡ. ಸರ್ಕಾರಿ ಕೆಲಸದ ವಿಷಯದಲ್ಲಿ 2016ರ ಅವತಾರ್ ಸಿಂಗ್ ತೀರ್ಪು ಇದೆ. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಟ್ಟಿದ್ದು ಗೊತ್ತಾದರೆ ಕೆಲಸಕ್ಕೇ ಕುತ್ತು ಬರಬಹುದು ಎಂಬುದು ಅದರ ಸಾರ. ‘ಇತ್ತು, ಖುಲಾಸೆಯಾಗಿದೆ’ ಎಂದು ಬರೆದು ತೀರ್ಪಿನ ಪ್ರತಿ ಲಗತ್ತಿಸಲಿ. ಠಾಣೆಯಿಂದ ಹಿಂಬರಹ ಬಂದ ಮೇಲೆ ಅದರದೂ ಒಂದು ಪ್ರತಿ ಕೊಡಲಿ.

– ಸಂಪಾದಕ