ಹದಿಹರೆಯದವರ ಪರಿಸರಸ್ನೇಹಿ ನಡವಳಿಕೆ ಅಳೆಯಲು ಪ್ರಶ್ನಾವಳಿಯೊಂದೇ ಸಾಕೆ?

ಶಾಲೆಯಲ್ಲಿ ನಡೆಸುವ ಪರಿಸರ ಕಾರ್ಯಕ್ರಮದಿಂದ ಮಕ್ಕಳ ನಡವಳಿಕೆ ಬದಲಾಯಿತೇ ಎಂದು ತಿಳಿಯಲು, ಹತ್ತು ತರಗತಿಗಳ 300 ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಮಕ್ಕಳು ತಾವು ಮಾಡುತ್ತೇವೆಂದು ಹೇಳುವುದಷ್ಟೇ ಅದರಲ್ಲಿ ಸಿಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಸಂಶೋಧಕರಾದ ಕಾರ್ಮೋಸ್ ಮತ್ತು ಗಿಫರ್ಡ್ ಲೆಕ್ಕ ಹಾಕಿದಾಗ, ಹೇಳಿಕೆಗೂ ಅಳೆದು ನೋಡಿದ ನಡವಳಿಕೆಗೂ ಇದ್ದ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ಹೊಂದಿಕೆ) ಸುಮಾರು 0.46. ಇದರ ವರ್ಗ ಸುಮಾರು 0.21. ಅಂದರೆ ನಡವಳಿಕೆಯ ಏರುಪೇರಿನಲ್ಲಿ ಶೇ 79ರಷ್ಟು ಹೇಳಿಕೆಯ ಕೈಗೆ ಸಿಗುವುದೇ ಇಲ್ಲ.

ಪ್ರಶ್ನೆ ಬರೆಯುವ ಮೊದಲು, ಮಕ್ಕಳ ಕೈಯಲ್ಲೇ ಇರುವ ಕೆಲಸಗಳನ್ನು ಪಟ್ಟಿ ಮಾಡಿ. ಮನೆಗೆ ಯಾವ ಫ್ರಿಜ್ ಬರಬೇಕೆಂದು ನಿರ್ಧರಿಸುವವರು ದೊಡ್ಡವರು. ಅದನ್ನು ಕೇಳಿದರೆ ನೀವು ಅಳೆಯುವುದು ಮನೆಯ ಆದಾಯವನ್ನು. ತಟ್ಟೆಯಲ್ಲಿ ಊಟ ಬಿಡುವುದು, ದೀಪ ಆರಿಸುವುದು, ಕಸ ಬೇರ್ಪಡಿಸುವುದು ಮಕ್ಕಳ ಹಿಡಿತದಲ್ಲಿವೆ. ‘ವಿದ್ಯುತ್ ಉಳಿಸುತ್ತೀರಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಕಳೆದ 7 ದಿನಗಳಲ್ಲಿ ಎಷ್ಟು ದಿನ, ಕೊಠಡಿಯಿಂದ ಕೊನೆಯವರಾಗಿ ಹೊರಡುವಾಗ ದೀಪ ಆರಿಸಿದಿರಿ?’ ಎಂದು ಕೇಳಿ. ಜೊತೆಗೆ ‘ನನಗೆ ಅನ್ವಯಿಸುವುದಿಲ್ಲ’ ಎಂಬ ಆಯ್ಕೆ ಇರಲೇಬೇಕು. ಬೇರೆ ಭಾಷೆಯ ಪ್ರಶ್ನಾವಳಿಯಿಂದ ಅನುವಾದಿಸಿದ ವಾಕ್ಯಗಳಿದ್ದರೆ ಅವನ್ನು ಆರೆಂಟು ಮಕ್ಕಳಿಂದ ಓದಿಸಿ, ಅರ್ಥವನ್ನು ಅವರ ಮಾತಲ್ಲೇ ಹೇಳಿಸಿ. ಮುಗ್ಗರಿಸುವುದು ಹೆಚ್ಚಾಗಿ ‘ಅಲ್ಲ, ಇಲ್ಲ’ ಇರುವ ವಾಕ್ಯಗಳಲ್ಲಿ.

ನ್ಯೂ ಎಕಲಾಜಿಕಲ್ ಪ್ಯಾರಡೈಮ್ ಮಾಪನವನ್ನು (2000ರ ಆವೃತ್ತಿಯಲ್ಲಿ 15 ಹೇಳಿಕೆಗಳು) ಧಾರಾಳವಾಗಿ ಬಳಸಿ, ಆದರೆ ಅದು ನಿಸರ್ಗದ ಬಗೆಗಿನ ದೃಷ್ಟಿಕೋನವನ್ನು ಅಳೆಯುತ್ತದೆ. ಅದರ ಅಂಕವನ್ನೇ ನಡವಳಿಕೆ ಎಂದು ಬರೆದುಬಿಡುವ ತಪ್ಪು ಮಾಡಬೇಡಿ.

ಇನ್ನು ನಡವಳಿಕೆಯನ್ನೇ ನೇರವಾಗಿ ಅಳೆಯುವ ತೂಕದ ಕೆಲಸ. ಪ್ರತಿ ತರಗತಿಯ ಕಸದ ಬುಟ್ಟಿಯನ್ನು ದಿನವೂ ಒಂದೇ ಹೊತ್ತಿಗೆ, 10 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿಯಲ್ಲಿ ತೂಗಿ. ತಪ್ಪು ಬುಟ್ಟಿಗೆ ಬಿದ್ದದ್ದನ್ನು ಬೇರೆಯಾಗಿ ತೂಗಿ. ಅಂದಿನ ಹಾಜರಾತಿಯಿಂದ ಭಾಗಿಸದಿದ್ದರೆ, ಗೈರುಹಾಜರಿ ಹೆಚ್ಚಿದ ದಿನ ಕಸ ಕಡಿಮೆಯಾದಂತೆ ಕಾಣುತ್ತದೆ. ಯಾರೋ ಗಮನಿಸುತ್ತಿದ್ದಾರೆಂದು ತಿಳಿದಾಗ ಮಕ್ಕಳು ಮೊದಲ ಕೆಲವು ದಿನ ಬದಲಾಗುತ್ತಾರೆ. ಕಾರ್ಯಕ್ರಮ ಶುರುವಾಗುವ ಮೊದಲು ಎರಡು ವಾರ ತೂಗಿ, ಮೊದಲ ಮೂರು ದಿನಗಳದ್ದನ್ನು ಬಿಡುವುದೆಂದು ಮುಂಚೆಯೇ ಬರೆದಿಟ್ಟುಕೊಳ್ಳಿ.

ಮಾದರಿಯ ಗಾತ್ರದಲ್ಲೂ ಒಂದು ಗುಂಡಿಯಿದೆ. ಒಂದೇ ತರಗತಿಯ ಮಕ್ಕಳು ಪರಸ್ಪರ ಹೋಲುತ್ತಾರೆ. ಆ ಹೋಲಿಕೆಯ ಗುಣಾಂಕ ಬರೀ 0.05 ಇದ್ದರೂ, 30 ಮಕ್ಕಳ ತರಗತಿಗೆ 1 + 29 × 0.05 = 2.45. 300ನ್ನು ಇದರಿಂದ ಭಾಗಿಸಿದರೆ, ನಿಮ್ಮ 300 ಮಕ್ಕಳು ಲೆಕ್ಕಕ್ಕೆ 122 ಮಂದಿಯಷ್ಟೇ. ಹಾಗಾಗಿ ಮಕ್ಕಳನ್ನು ಹೆಚ್ಚಿಸುವ ಬದಲು ತರಗತಿಗಳನ್ನು ಹೆಚ್ಚಿಸಿ, ಯಾವ ತರಗತಿಗೆ ಕಾರ್ಯಕ್ರಮ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ.

ಪೋಷಕರ ಲಿಖಿತ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆಯನ್ನೂ ಪಡೆಯಿರಿ. ಹೆಸರು ಬೇಡ, ಮಕ್ಕಳೇ ಮತ್ತೆ ನೆನಪಿಸಿಕೊಳ್ಳಬಲ್ಲ ಗುರುತಿನ ಸಂಕೇತ ಸಾಕು. ಅದಿಲ್ಲದೆ ಮೂರು ತಿಂಗಳ ನಂತರದ ಉತ್ತರವನ್ನು ಮೊದಲಿನದರ ಜೊತೆ ಜೋಡಿಸಲಾಗದು.