ಹಳೆಯ ಪಿಕಪ್ಪಿನ ಅಡಿಯಿಂದ ‘ಊಂ’ ಎಂಬ ಸದ್ದು: ಕ್ರೌನ್-ಪಿನಿಯನ್ ಬದಲಿಸುವ ಮೊದಲು ಏನು ನೋಡಬೇಕು?

ನೀವು ಕೇಳಿರುವುದು ಇಷ್ಟು: ಪುಣೆಯ ವಾಘೋಲಿಯಲ್ಲಿದ್ದೀರಿ, ಸೆಕೆಂಡ್ ಹ್ಯಾಂಡ್ ತಗೊಂಡ ಹಳೆಯ ಡೀಸೆಲ್ ಪಿಕಪ್. ವೇಗ 50 ದಾಟಿದರೆ ಅಡಿಯಿಂದ ‘ಊಂ’ ಅಂತ ಸದ್ದು, ಮಾಲು ತುಂಬಿದಾಗ ಇನ್ನೂ ಜೋರು. ಫಸ್ಟ್ ಗೇರಿನಲ್ಲಿ ಎತ್ತುವಾಗ ಒಂದು ‘ಠಕ್’. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ ಬಂದು, ಕ್ರೌನ್-ಪಿನಿಯನ್ (ಶಾಫ್ಟಿನ ತಿರುಗಾಟವನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರದ ಜೋಡಿ) ಹೋಗಿದೆ, ಪೂರ್ತಿ ಸೆಟ್ ಹಾಕಬೇಕು ಅಂದಿದ್ದಾರೆ. ಹಾಕಿಸಲೇ?

ಈಗಲೇ ಬೇಡ. ಭೋಸರಿಯಲ್ಲಿ ಇಂಥ ಗಾಡಿಗಳ ಕೆಳಗೇ ನನ್ನ ದಿನ ಕಳೆಯುತ್ತದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ನೀವು ಬರೆದ ಎರಡೂ ಲಕ್ಷಣ ಒಟ್ಟಿಗಿದ್ದರೆ ನನ್ನ ಕೈ ಮೊದಲು ಹೋಗುವುದು ಜಾಯಿಂಟ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಉದ್ದನೆಯ ದಂಡದ) ಸೆಂಟರ್ ಬೇರಿಂಗಿಗೆ, ಆಮೇಲೆ ಕ್ರಾಸುಗಳಿಗೆ, ಅಂದರೆ ಶಾಫ್ಟ್ ಬಾಗುವ ಜಾಗದ ಅಡ್ಡಕೀಲುಗಳಿಗೆ. ಹೌಸಿಂಗ್, ಅಂದರೆ ಕ್ರೌನ್-ಪಿನಿಯನ್ ಕೂತಿರುವ ಹಿಂದಿನ ಆಕ್ಸಲ್ಲಿನ ಪೆಟ್ಟಿಗೆ, ಬಿಚ್ಚುವುದು ಕಟ್ಟಕಡೆಯ ಕೆಲಸ.

ಸದ್ದು ಎಲ್ಲಿಂದ ಬರುತ್ತಿದೆ ಎನ್ನುವ ವಿಷಯದಲ್ಲಿ ಕಿವಿಯನ್ನು ಪೂರ್ತಿ ನಂಬಬೇಡಿ. ಪಿಕಪ್ಪಿಗೆ ಅಡಿಯಲ್ಲಿ ಉದ್ದದ ಕಬ್ಬಿಣದ ಚಾಸಿ ಇದೆ, ಹಿಂದಿನ ಸದ್ದನ್ನು ಅದು ಮುಂದಕ್ಕೆ ತಂದು ನಿಮ್ಮ ಸೀಟಿನ ಕೆಳಗೆ ಕೇಳಿಸುತ್ತದೆ. ಸದ್ದು ಯಾವುದರ ಜೊತೆ ಬದಲಾಗುತ್ತದೆ ಅಂತ ನೋಡಿ: ಇಂಜಿನ್ ಓಟದ ಜೊತೆಗೋ, ಗಾಡಿಯ ವೇಗದ ಜೊತೆಗೋ, ಎಳೆತದ ಜೊತೆಗೋ. ಇದು ಗೊತ್ತಾದರೆ ಅರ್ಧ ಗಾಡಿಯನ್ನು ಬಿಚ್ಚದೆಯೇ ಲೆಕ್ಕದಿಂದ ತೆಗೆದುಹಾಕಬಹುದು.

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ಇಂಜಿನ್ ರೇಸ್ ಮಾಡಿ. ಆಗಲೂ ಅದೇ ಸದ್ದು ಬಂದರೆ ಅದು ಇಂಜಿನ್, ಕ್ಲಚ್ ಅಥವಾ ಗೇರ್ ಬಾಕ್ಸಿನ ಮುಂಭಾಗದ್ದು. ಕ್ಲಚ್ ಒತ್ತಿದೊಡನೆ ನಿಂತರೆ ಗೇರ್ ಬಾಕ್ಸಿನೊಳಗಿನ ಬೇರಿಂಗ್, ಒತ್ತಿದಾಗಲೇ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ನಿಮ್ಮದು 50 ದಾಟಿದ ಮೇಲೆ ಬರುವ ಸದ್ದು, ಹಾಗಾಗಿ ಇಲ್ಲಿ ಏನೂ ಸಿಗದಿರುವ ಸಾಧ್ಯತೆಯೇ ಹೆಚ್ಚು. ಆದರೂ ನೋಡಿಬಿಡಿ, ಖರ್ಚಿಲ್ಲ.

ಆಮೇಲೆ ಬೆಳಗಿನ ಜಾವ, ಹಿಂದೆ ಮುಂದೆ ಗಾಡಿ ಇಲ್ಲದ ಸಮತಟ್ಟು ರಸ್ತೆಯಲ್ಲಿ, ಸದ್ದು ಬರುವ ವೇಗಕ್ಕೆ ಹೋಗಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ. ಇಂಜಿನ್ ಐಡಲ್‌ಗೆ ಇಳಿದರೂ ಸದ್ದು ಹಾಗೇ ಇದ್ದರೆ ಅದು ಗೇರ್ ಬಾಕ್ಸಿನ ಹಿಂದಿನದು: ಶಾಫ್ಟ್, ಹೌಸಿಂಗ್, ಚಕ್ರದ ಹಬ್ ಬೇರಿಂಗ್ ಅಥವಾ ಟೈರು. ಕೀ ಆಫ್ ಮಾಡಲೇಬೇಡಿ. ಬ್ರೇಕ್ ಬೂಸ್ಟರ್ ಕೆಲಸ ಬಿಡುತ್ತದೆ, ಸ್ಟೀರಿಂಗ್ ಲಾಕ್ ಬೀಳಬಹುದು. ಈ ಪರೀಕ್ಷೆಯನ್ನು ಇಳಿಜಾರಿನಲ್ಲಂತೂ ಯಾವತ್ತೂ ಬೇಡ. ಕಾತ್ರಜದ ಹೊಸ ಸುರಂಗ ದಾಟಿ ನವಲೆ ಪೂಲಿನ ಕಡೆ ಇಳಿಯುವಲ್ಲಿ ಎಂಥೆಂಥ ಅಪಘಾತ ಆಗಿವೆ ಅಂತ ಪುಣೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಬಹಳ ಜನ ಮಾಡುವುದಿಲ್ಲ. 5 ಗೇರಿನ ಹೆಚ್ಚಿನ ಪಿಕಪ್ಪುಗಳಲ್ಲಿ 4ನೇ ಗೇರು ನೇರ, ಅಂದರೆ ಇಂಜಿನ್ ಒಂದು ಸುತ್ತು ತಿರುಗಿದರೆ ಶಾಫ್ಟ್ ಕೂಡ ಒಂದೇ ಸುತ್ತು. ಆಗ ಗೇರ್ ಬಾಕ್ಸಿನೊಳಗೆ ಕೆಳಗಡೆ ಇರುವ ಲೇ ಶಾಫ್ಟಿನ (ಬೇರೆ ಗೇರುಗಳಲ್ಲಿ ಎಳೆತ ದಾಟಿಸುವ ದಂಡದ) ಮೇಲೆ ಭಾರ ಬೀಳುವುದಿಲ್ಲ. 3ರಲ್ಲೂ 5ರಲ್ಲೂ ಇರುವ ಸದ್ದು 4ರಲ್ಲಿ ಮಾಯವಾದರೆ ಹೌಸಿಂಗ್ ಬಿಟ್ಟುಬಿಡಿ, ಗೇರ್ ಬಾಕ್ಸಿನ ಲೇ ಶಾಫ್ಟ್ ಬೇರಿಂಗ್ ನೋಡಿಸಿ. ಎಲ್ಲ ಗೇರಿನಲ್ಲೂ ಅದೇ ವೇಗಕ್ಕೆ ಅದೇ ಸದ್ದು ಬಂದರೆ ಗೇರ್ ಬಾಕ್ಸ್ ಬಚಾವ್.

ಸದ್ದಿನ ಲಯವೂ ಲೆಕ್ಕ ಕೊಡುತ್ತದೆ. 60ರ ವೇಗದಲ್ಲಿ ಪಿಕಪ್ಪಿನ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಏಳೆಂಟು. ಇದನ್ನು ಬಾಯಲ್ಲಿ ‘ದಡದಡ’ ಅಂತ ಹೇಳಿ ತೋರಿಸಬಹುದು. ಜಾಯಿಂಟ್ ಶಾಫ್ಟ್ ಅದರ ನಾಲ್ಕು ಪಟ್ಟು ತಿರುಗುತ್ತದೆ, ಸೆಕೆಂಡಿಗೆ 30ರ ಆಸುಪಾಸು. ಅದು ಬಿಡಿ ಬಿಡಿಯಾಗಿ ಕೇಳುವುದಿಲ್ಲ, ಗುಂಯ್‌ಗುಡುತ್ತದೆ, ಫ್ಲೋರಿನಲ್ಲಿ ಕಾಲಿಗೆ ನಡುಕ ಗೊತ್ತಾಗುತ್ತದೆ. ಹಬ್ ಬೇರಿಂಗ್ ಹೋದರೆ ಜೋಳ ಬೀಸುವ ಕಲ್ಲಿನಂತೆ ಗರಗರ ಅನ್ನುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಒತ್ತಿದರೂ ಬದಲಾಗುವುದಿಲ್ಲ, ಆದರೆ ಸ್ಟೀರಿಂಗ್ ಬಲಕ್ಕೆ ಎಳೆದಾಗ ಜೋರಾದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್. ಟೈರಿನ ಸದ್ದು ಟಾರ್ ರಸ್ತೆಯಿಂದ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟಿಗೆ ಹತ್ತಿದೊಡನೆ ಧಾಟಿ ಬದಲಿಸುತ್ತದೆ.

ಕ್ರೌನ್-ಪಿನಿಯನ್ ಸದ್ದು ಎಳೆತಕ್ಕೆ ಅಂಟಿಕೊಂಡಿರುತ್ತದೆ. ಹಲ್ಲಿಗೆ ಎರಡು ಮುಖ. ಇಂಜಿನ್ ಗಾಡಿಯನ್ನು ತಳ್ಳುವಾಗ ಒಂದು ಕಚ್ಚುತ್ತದೆ, ಗಾಡಿ ಇಂಜಿನನ್ನು ತಳ್ಳುವಾಗ ಇನ್ನೊಂದು. ಸಾತಾರಾ ಕಡೆ ಹೋಗುವಾಗ ಖಂಬಾಟಕಿ ಘಾಟ್ ಇದಕ್ಕೆ ಒಳ್ಳೆಯ ಜಾಗ: ಹತ್ತುವಾಗ ಊಳಿಟ್ಟು, ಇಳಿಯುವಾಗ ಗೇರಿನಲ್ಲೇ ಇದ್ದೂ ಸುಮ್ಮನಾದರೆ, ಅಥವಾ ಇದರ ಉಲ್ಟಾ ಆದರೆ, ನಿಮ್ಮ ಗ್ಯಾರೇಜಿನವರ ಮಾತಿನಲ್ಲಿ ಹುರುಳಿದೆ. ಎರಡೂ ಕಡೆ ಒಂದೇ ತೆರನಾಗಿದ್ದರೆ ಅನುಮಾನ ಬೇರೆ ಕಡೆ ತಿರುಗಿಸಿ.

ಈಗ ಗಾಡಿಯ ಕೆಳಗೆ. ಸಮ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಉರುಳದಂತೆ ಗುಟ್ಟ (ಕಲ್ಲು ಅಥವಾ ಮರದ ತುಂಡು) ಕೊಡಿ, ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಿ, ಆಮೇಲೆ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಬಿಡಿ. ಜಾಕಿ ಬೇಡ, ಪಿಕಪ್ ಎತ್ತರವಿರುತ್ತದೆ, ಮಲಗಿ ಸರಿದರೆ ಸಾಕು. ಶಾಫ್ಟ್ ಎರಡು ತುಂಡಿನದಾಗಿದ್ದರೆ ನಡುವೆ ಒಂದು ಬೇರಿಂಗ್ ರಬ್ಬರಿನೊಳಗೆ ಕೂತು ಚಾಸಿಗೆ ತೂಗುತ್ತಿರುತ್ತದೆ. ಅದರ ಪಕ್ಕ ಶಾಫ್ಟ್ ಹಿಡಿದು ಮೇಲೆತ್ತಿ ಬಿಡಿ. ರಬ್ಬರ್ ಸ್ವಲ್ಪ ಬಾಗಿ ಮತ್ತೆ ತನ್ನ ಜಾಗಕ್ಕೆ ಬರಬೇಕು. ಶಾಫ್ಟ್ ದೊಪ್ಪನೆ ಬಿದ್ದರೆ ರಬ್ಬರ್ ಹರಿದಿದೆ ಎಂದರ್ಥ.

ಇಂಡಿ ಕಡೆಯಿಂದ ಮಾರ್ಕೆಟ್ ಯಾರ್ಡಿಗೆ ನಿಂಬೆಹಣ್ಣು ತರುವ ಒಬ್ಬ ಅಣ್ಣ ಇದೇ ಕಥೆ ಹೇಳಿಕೊಂಡು ನಮ್ಮಲ್ಲಿ ಬಂದಿದ್ದರು. ಬೇರೆ ಕಡೆ ಕ್ರೌನ್ ಸೆಟ್ ಬದಲಾಯಿಸಿದ್ದರೂ ಸದ್ದು ಹಾಗೇ ಇತ್ತು. ಖಾಲಿ ಗಾಡಿಯ ಕೆಳಗೆ ನೋಡಿದರೆ ರಬ್ಬರ್ ಚೆನ್ನಾಗಿಯೇ ಕಂಡಿತು. ಚೀಲ ಹೇರಿಸಿ ಮತ್ತೆ ಮಲಗಿ ನೋಡಿದೆವು. ಕಮಾನು ಪಟ್ಟಿ ಕೂತು, ಶಾಫ್ಟಿನ ಕೋನ ಬದಲಾಗಿ, ಮೇಲ್ಗಡೆ ಮುಚ್ಚಿಕೊಂಡಿದ್ದ ಸೀಳು ಕಿರುಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಒಳಗಿನ ರಬ್ಬರ್ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಬೇರಿಂಗ್ ಬದಲಾಯಿಸಿದ ಮೇಲೆ ಗಾಡಿ ಸುಮ್ಮನಾಯಿತು. ನಿಮ್ಮದೂ ಲೋಡಿನಲ್ಲಿ ಜಾಸ್ತಿ ಅಂದಿದ್ದೀರಲ್ಲ, ಅದಕ್ಕೆ ಖಾಲಿ ಇದ್ದಾಗಲೂ ಲೋಡ್ ಇದ್ದಾಗಲೂ ನೋಡಿ.

ಕ್ರಾಸುಗಳಿಗೆ ಬನ್ನಿ. ಎರಡೂ ಕಡೆಯ ಯೋಕ್ (ಕ್ರಾಸನ್ನು ಹಿಡಿದಿರುವ ಕವಲು) ಹಿಡಿದು ಎದುರುಬದರು ತಿರುವಿ. ನಡುವೆ ಕಣ್ಣಿಗೆ ಕಾಣುವಷ್ಟು ಆಟವಿದ್ದರೂ ಅದು ಹೋದ ಕ್ರಾಸು. ಕ್ರಾಸಿನ ನಾಲ್ಕು ತುದಿಗೆ ಕೂರುವ ಕಪ್‌ಗಳ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದು ಅರೆಯುತ್ತಿವೆ. ನಿಧಾನಕ್ಕೆ ಹೋಗುವಾಗ ಚಿಕ್ ಚಿಕ್ ಅಂತ ಹಕ್ಕಿ ಕೂಗಿದ ಸದ್ದು ಬರುವುದೂ ಇದರಿಂದಲೇ. ಗ್ರೀಸ್ ಹೊಡೆಯುವ ನಿಪ್ಪಲ್ ಇದ್ದರೆ, ಹೊಡೆಯುವಾಗ ನಾಲ್ಕೂ ಕಪ್ಪಿನಿಂದ ಹಳೆಯದು ಹೊರಗೆ ಬರಬೇಕು. ಒಂದರಲ್ಲಿ ಬರದಿದ್ದರೆ ಆ ಕಪ್ ಒಣಗಿಯೇ ಉಳಿಯಿತು. ಎತ್ತುವಾಗಿನ ‘ಠಕ್’ ಹೆಚ್ಚಾಗಿ ಇಲ್ಲಿಯದು, ಇಲ್ಲವೇ ಸ್ಲಿಪ್ ಜಾಯಿಂಟಿನ (ಶಾಫ್ಟ್ ಉದ್ದಕ್ಕೆ ಜಾರುವ ಜೋಡಣೆಯ) ಸವೆದ ಹಲ್ಲಿನದು, ಕಮಾನು ಪಟ್ಟಿಯನ್ನು ಬಿಗಿದ ಯು ಬೋಲ್ಟ್ ಸಡಿಲಾದದ್ದು.

ಹೌಸಿಂಗ್ ಹತ್ತಿರ ಬಂದಾಗ ಪಿನಿಯನ್ ಫ್ಲೇಂಜ್ (ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗುವ ದಿಕ್ಕಿನಲ್ಲಿ ಚೂರು ಆಟ ಇರಲೇಬೇಕು, ಮೇಲೆ ಕೆಳಗೆ ಮಾತ್ರ ಇರಕೂಡದು. ಇದ್ದರೆ ಪಿನಿಯನ್ ಬೇರಿಂಗ್ ಹೋಗಿದೆ. ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳಿಡಿ, ಆಯಿಲ್ ತೂತಿನ ಮಟ್ಟಕ್ಕೆ ಸಿಗಬೇಕು. ಕಮ್ಮಿಯಿದ್ದರೆ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಸಣ್ಣ ದಾರಿ, ನೋಡಿ. ಮಣ್ಣು ಮೆತ್ತಿ ಬ್ರೀದರ್ ಕಟ್ಟಿಕೊಂಡರೆ ಬಿಸಿಯಾದ ಹೌಸಿಂಗಿನೊಳಗೆ ಒತ್ತಡ ಏರಿ ಆಯಿಲ್ ಸೀಲಿನಿಂದ ಹೊರಬರುತ್ತದೆ, ಆಯಿಲ್ ಇಳಿದ ಮೇಲೆ ಹಲ್ಲು ಊಳಿಡುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಡ್ರೇನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವ ಚೂರು ಇದ್ದರೆ ಬಿಚ್ಚಿಸಲೇಬೇಕು.

ಬಿಚ್ಚುವುದಕ್ಕೆ ನಾನು ಇಷ್ಟು ಹಿಂಜರಿಯಲು ಕಾರಣವಿದೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಉಜ್ಜಿ ತಯಾರಾದವು, ಒಂದನ್ನೇ ಬದಲಿಸುವಂತಿಲ್ಲ. ಶಿಮ್ (ತೆಳು ಬಿಲ್ಲೆ) ಹಾಕಿ ಪಿನಿಯನ್ ಆಳ ಹೊಂದಿಸಬೇಕು, ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆಟ) ಅಳೆಯಬೇಕು, ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ಕಚ್ಚುತ್ತದೆ ಅಂತ ನೋಡಬೇಕು. ಕೈ ಅಂದಾಜಿನಲ್ಲಿ ಕೂರಿಸಿದರೆ ಹೊಸ ಸೆಟ್ಟೇ ಊಳಿಡುತ್ತದೆ, ಆಗ ಹಳೆಯ ಸದ್ದು ಯಾವುದು ಹೊಸದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗೇಜ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಬೇರೆ ಗ್ಯಾರೇಜ್ ನೋಡಿ.

ಸೆಂಟರ್ ಬೇರಿಂಗ್, ಕ್ರಾಸ್ ಎರಡೂ ನಾನಾ ಪೇಠೆಯಲ್ಲಿ ಸಿಗುತ್ತವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಕಪ್ಪಿನ ದಪ್ಪ ಮತ್ತು ಕ್ರಾಸಿನ ಉದ್ದ ತಾಳೆ ನೋಡಿ ತಗೊಳ್ಳಿ. ಶಾಫ್ಟ್ ಕಳಚುವ ಮೊದಲು ಪ್ರತಿ ಜೋಡಣೆಗೂ ಅಡ್ಡಲಾಗಿ ಪೇಂಟಿನ ಗೆರೆ ಎಳೆಸಿ. ಒಂದು ಹಲ್ಲು ಆಚೀಚೆ ಕೂತರೂ ಯೋಕುಗಳ ಸಾಲು ತಪ್ಪಿ ಹೊಸ ನಡುಕ ಶುರುವಾಗುತ್ತದೆ. ಮೆಕ್ಯಾನಿಕ್ಕಿಗೆ ಮರಾಠಿಯಲ್ಲಿ ವಿವರಿಸುವುದು ಕಷ್ಟವಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ, ಸದ್ದು ಬಂದಾಗ, ಹೋದಾಗ ಕೈ ಮಾಡಿ ತೋರಿಸಿ.

ಕ್ರಾಸಿನಲ್ಲಿ ಆಟ ಕಂಡರೆ ಅದನ್ನು ಬದಲಿಸುವ ತನಕ ಲೋಡ್ ಹಾಕಿ ಘಾಟ್ ಹತ್ತಬೇಡಿ. ಮುಂದಿನ ಕ್ರಾಸ್ ಓಡುವಾಗ ತುಂಡಾದರೆ ಶಾಫ್ಟಿನ ಮುಂದಿನ ತುದಿ ಕೆಳಗೆ ಬಿದ್ದು ರಸ್ತೆಗೆ ನಾಟಿಕೊಳ್ಳಬಹುದು.